*ಪ್ಯೂರಿಫೈಯರ್ ಇದ್ದರೂ ಡ್ರಮ್ ತಿಕ್ಕಲೇಬೇಕು!*



ನಳದಲ್ಲಿ ನೀರು ಬರುವುದು ಕೆಲವೇ ಗಂಟೆ. ಚಾಳಿನಲ್ಲಿರಲಿ, ಬಿಲ್ಡಿಂಗ್‌ನಲ್ಲಿರಲಿ, ನಾವು ಕುಡಿಯುವುದು ತುಂಬಿಟ್ಟ ನೀರನ್ನೇ. "ಮನೆಯಲ್ಲಿ ಯುವಿ ಮಷೀನ್ ಇದೆ, ಇನ್ನೇನು ಭಯ?" ಎನ್ನುವವರು ದಯವಿಟ್ಟು ಇದನ್ನು ಓದಿ.

💡 *ಯುವಿ ಬೆಳಕು ಏನು ಮಾಡುತ್ತದೆ?*
ಯುವಿ ಎಂದರೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕು. ಅದು ರೋಗಾಣುಗಳ ಡಿಎನ್ಎ ಕೆಡಿಸುತ್ತದೆ. ಆಮೇಲೆ ಅವು ಹೊಟ್ಟೆಗೆ ಹೋದರೂ ಬೆಳೆಯಲಾರವು. ಮುಂಬೈಯಲ್ಲೇ ಹುಟ್ಟಿದ ವಿಜ್ಞಾನಿ ಅಶೋಕ್ ಗಾಡ್ಗೀಳ್ 1990ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಬಡ ಊರುಗಳಿಗೆಂದು ಕಡಿಮೆ ಖರ್ಚಿನ ಯುವಿ ಯಂತ್ರ ರೂಪಿಸಿದರು.

ಆದರೆ ಎರಡು ಮಿತಿಗಳಿವೆ. ನೀರು ಕದಡಿದ್ದರೆ ಬೆಳಕು ಒಳಗೆ ತಲುಪುವುದಿಲ್ಲ. ಕ್ಲೋರಿನ್ ನೀರಿನಲ್ಲಿ ಉಳಿದು ಕಾಯುತ್ತದೆ, ಬೆಳಕು ಹಾಗೆ ಉಳಿಯುವುದಿಲ್ಲ. ಶುದ್ಧವಾದ ನೀರನ್ನು ಕೊಳಕು ಕೊಡಕ್ಕೆ ಸುರಿದರೆ ಮತ್ತೆ ಕೆಡುತ್ತದೆ.

🦠 *ಕೈಗೆ ಜಾರುವ ಲೋಳೆ*
ಡ್ರಮ್ಮಿನ ಒಳಗೋಡೆ ಮುಟ್ಟಿ ನೋಡಿ. ಜಾರಿದರೆ ಅದು ಬಯೋಫಿಲ್ಮ್. ಸೂಕ್ಷ್ಮಾಣುಗಳು ಅಂಟು ಹೊರಸೂಸಿ ಅದರೊಳಗೆ ಮನೆ ಮಾಡಿಕೊಳ್ಳುತ್ತವೆ. ಕ್ಲೋರಿನ್ ಕೂಡ ಒಳಪದರಕ್ಕೆ ಸುಲಭವಾಗಿ ಇಳಿಯದು. ಲೋಳೆ ಕಿತ್ತುಬಂದಾಗ ನೀರಿಗೆ ಸೇರುತ್ತದೆ.

ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಪಾಲ್ ವೆಸ್ಟರ್‌ಹಾಫ್ ತಂಡ, ಮೈಯುದ್ದಕ್ಕೂ ಯುವಿ ಸೂಸುವ ತೆಳು ಗಾಜಿನ ಎಳೆಗಳಿಂದ ಇಂಥ ಲೋಳೆ ತಡೆಯುವ ಸಂಶೋಧನೆ ಮಾಡಿದೆ. ಸದ್ಯಕ್ಕೆ ನಮ್ಮ ಕೈಯಲ್ಲಿರುವ ಅಸ್ತ್ರ ಬ್ರಷ್!

🚰 *ನಮ್ಮ ಹುಬ್ಬಳ್ಳಿ-ಧಾರವಾಡದ ಪಾಠ*
ಬರ್ಕ್ಲಿ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್, ಕಾರಾ ನೆಲ್ಸನ್ ಅಲ್ಲಿ ಅಧ್ಯಯನ ಮಾಡಿ 2013, 2014ರಲ್ಲಿ ಪ್ರಕಟಿಸಿದರು. 24 ತಾಸು ನೀರು ಬರುವ ಕಡೆಗಿಂತ, ಬಿಟ್ಟು ಬಿಟ್ಟು ಬರುವ ಕಡೆ ನೀರು ಹೆಚ್ಚು ಕೆಟ್ಟಿತ್ತು. ನೀರು ಬಿಟ್ಟಾಗ ಮೊದಲು ಬರುವ ನೀರಿನ ಮೇಲೆ ವಿಶೇಷ ಎಚ್ಚರ ಬೇಕು. ಕುರ್ಲಾದಲ್ಲೂ ನೀರು ಬಿಟ್ಟು ಬಿಟ್ಟೇ ಬರುವುದು.

✅ *ಇಷ್ಟು ಮಾಡಿ*
1. ನೀರು ಬಂದಾಗ ಮೊದಲ ಬಕೆಟ್ ನೆಲ ಒರೆಸಲು, ಪಾಯಿಖಾನೆಗೆ ಬಳಸಿ.
2. ವಾರಕ್ಕೊಮ್ಮೆ ಡ್ರಮ್ ಖಾಲಿ ಮಾಡಿ ಬ್ರಷ್, ಸೋಪಿನಿಂದ ತಿಕ್ಕಿ, ತೊಳೆದು ಒಣಗಿಸಿ. ಬರೀ ನೀರಾಡಿಸಿದರೆ ಲೋಳೆ ಹೋಗದು.
3. ಕುಡಿಯುವ ನೀರಿನ ಕೊಡಕ್ಕೆ ಮುಚ್ಚಳ ಇರಲಿ. ಲೋಟ ಅದ್ದಬೇಡಿ, ಉದ್ದ ಹಿಡಿಯ ಸೌಟು ಅಥವಾ ನಲ್ಲಿಯಿರುವ ಪಾತ್ರೆ ಬಳಸಿ.
4. ಯುವಿ ದೀಪ, ಫಿಲ್ಟರ್ ಅವಧಿಗೆ ಸರಿಯಾಗಿ ಬದಲಿಸಿ.
5. ಮಷೀನ್ ಇಲ್ಲದಿದ್ದರೆ ನೀರು ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ.

⚠️ ಮಗುವಿಗೆ ಭೇದಿಯಾದರೆ ತಕ್ಷಣ ಓಆರ್‌ಎಸ್ ಕೊಡಲು ಶುರುಮಾಡಿ. ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, ಮೂತ್ರ ಕಡಿಮೆಯಾದರೆ ಕಾಯದೆ ಡಾಕ್ಟರ ಹತ್ತಿರ ಒಯ್ಯಿರಿ.

ಊರಿನಿಂದ ಹೊಸದಾಗಿ ಬಂದ ಮನೆಯವರಿಗೂ ಕಳುಹಿಸಿ 🙏