‘ರಿಯಾಕ್ಟಿವ್’ ಅಂದರೆ ರೋಗ ಇದೆ ಅಂತಲೇ?

ಲ್ಯಾಬ್ ರಿಪೋರ್ಟಿನಲ್ಲಿ ‘ಆಂಟಿ-ಎಚ್‌ಸಿವಿ ರಿಯಾಕ್ಟಿವ್’ ಎಂದಿದ್ದರೆ ಹೆಪಟೈಟಿಸ್ ಸಿ ಇದೆ ಎಂದೇ ಲೆಕ್ಕವೇ? ಅಲ್ಲ. ಕಾರ್ಡಿನ ಮೇಲೆ ಗೆರೆ ಮೂಡಿಸುವ ರ್‍ಯಾಪಿಡ್ ಟೆಸ್ಟ್ ಆಗಲಿ, ಎಲೈಸಾ ಆಗಲಿ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು. ಸೋಂಕು ತಗಲಿದವರಲ್ಲಿ ಶೇ. 15ರಿಂದ 45ರಷ್ಟು ಮಂದಿಗೆ ಔಷಧಿಯಿಲ್ಲದೆಯೇ ಆರು ತಿಂಗಳೊಳಗೆ ವೈರಸ್ ತೊಲಗುತ್ತದೆ. ಪ್ರತಿಕಾಯ ಮಾತ್ರ ವರ್ಷಗಟ್ಟಲೆ ಉಳಿದಿರುತ್ತದೆ. ಹಾಗಾಗಿ ರಕ್ತದಲ್ಲಿ ವೈರಸ್ಸಿನ ಆರ್‌ಎನ್‌ಎ ಇದೆಯೇ ಎಂದು ಪಿಸಿಆರ್ ಮಾಡಿ ನೋಡದೆ ಯಾರಿಗೂ ರೋಗಿಯ ಹಣೆಪಟ್ಟಿ ಹಚ್ಚಬಾರದು.

ಹಾಗಾದರೆ ನೇರವಾಗಿ ಪಿಸಿಆರನ್ನೇ ಮಾಡಬಹುದಲ್ಲ? ಅದು ದುಬಾರಿ, ಯಂತ್ರವೂ ಬೇಕು. ಸಾವಿರಾರು ಜನರನ್ನು ಜರಡಿ ಹಿಡಿಯಲು ಅಗ್ಗದ ಪ್ರತಿಕಾಯ ಪರೀಕ್ಷೆಯೇ ಸರಿ. ಆದರೆ ಸೋಂಕಿತರ ಸೂಜಿ ಚುಚ್ಚಿಕೊಂಡ ನರ್ಸ್‌ಗೆ ಅದು ಸಾಲದು: ಆರ್‌ಎನ್‌ಎ ಒಂದೆರಡು ವಾರದಲ್ಲೇ ಸಿಗುತ್ತದೆ, ಪ್ರತಿಕಾಯ ಮೂಡಲು ಎರಡು-ಮೂರು ತಿಂಗಳು ಹಿಡಿಯಬಹುದು. ಎರಡನೇ ಪರೀಕ್ಷೆಗೆ ಜನ ವಾಪಸ್ ಬರುವುದಿಲ್ಲ ಎಂಬ ಆಕ್ಷೇಪವೂ ನಿಜವೇ (ಬಸ್ ಚಾರ್ಜಿನ ಜೊತೆ ಒಂದು ದಿನದ ಕೂಲಿಯೂ ಹೋಗುತ್ತದಲ್ಲ). ಮೊದಲ ಸಲ ಬಂದಾಗ ತೆಗೆದ ರಕ್ತದಲ್ಲೇ ಪಿಸಿಆರ್ ಕೂಡ ಮುಗಿಸಿದರೆ ಆ ತೊಡಕಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಉಚಿತ, ಮಾತ್ರೆಯೂ ಉಚಿತ. ಮಾತ್ರೆ ಮುಗಿದು 12 ವಾರದ ಮೇಲೆ ನೋಡಬೇಕಾದದ್ದೂ ಆರ್‌ಎನ್‌ಎಯನ್ನೇ. ಪ್ರತಿಕಾಯ ಪರೀಕ್ಷೆ ಗುಣವಾದವರನ್ನೂ ರಿಯಾಕ್ಟಿವ್ ಎಂದೇ ತೋರಿಸುತ್ತಿರುತ್ತದೆ.