ಹೊಲ ನೋಡೋದನ್ನ ಒಬ್ಬ ಚಿತ್ರಕಾರರಿಂದ ಕಲಿಯೋಣ

ಹೋದ ಮುಂಗಾರಲ್ಲಿ ನನ್ನ ಮಾವಿನ ತೋಟದ ಇಳಿಜಾರಲ್ಲಿ ಮೊಣಕಾಲುದ್ದ ಕೊರಕಲು ಬಿತ್ತು. ಫೋನಲ್ಲಿ ಹಳೇ ಫೋಟೋ ತಿರುವಿ ನೋಡಿದೆ. ಎರಡು ವರ್ಷದ ಹಿಂದೆಯೇ ಅದು ಬೆರಳಗಲದ ಗೆರೆಯಾಗಿ ಕಾಣ್ತಿತ್ತು. ಫೋಟೋ ತೆಗೆದವನು ನಾನೇ. ಆದ್ರೆ ನೋಡಿರಲಿಲ್ಲ. ಕೊಚ್ಚಿಹೋದ ಮೇಲ್ಮಣ್ಣು ವಾಪಸ್ ಬರಲ್ಲ.

ಆಗ ನೆನಪಾದವರು ಚಿತ್ರಕಾರ ನಂದಲಾಲ್ ಬೋಸ್ (1882–1966). ಸಂವಿಧಾನದ ಮೂಲ ಪ್ರತಿಯನ್ನು ಶಿಷ್ಯರೊಂದಿಗೆ ಅಲಂಕರಿಸಿದವರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರಂತೆ ಇವರೂ ಕಲ್ಕತ್ತಾದಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರು. ಮುಂದೆ ಶಾಂತಿನಿಕೇತನದ ಕಲಾಭವನದಲ್ಲಿ ಗುರುಗಳಾದರು. ಅಲ್ಲಿನದು ಕೆಂಪು ಜಂಬಿಟ್ಟಿಗೆ ನೆಲ. ಮಳೆನೀರು ಕೊರೆದ ಕೊರಕಲಿನ ಬಯಲಿಗೆ ಅಲ್ಲಿ ‘ಖೋಯಾಯ್’ ಅಂತಾರೆ. ಆ ಬಯಲು, ತಾಳೆಮರ, ಸಂತಾಲರ ಹಳ್ಳಿ, ದನ, ಮೇಕೆ ಎಲ್ಲವೂ ಅವರ ಚಿತ್ರಕ್ಕೆ ಬಂದವು.

ಅವರು ಲಿನೋಕಟ್ ಕೂಡ ಮಾಡ್ತಿದ್ದರು. ಲಿನೋಲಿಯಂ ಹಾಳೆಯನ್ನು ಉಳಿಯಿಂದ ಕೆತ್ತಿ, ಮಸಿ ಹಚ್ಚಿ, ಕಾಗದ ಒತ್ತೋ ಕೆಲಸ ಅದು. ಕೆತ್ತಿದ ಜಾಗ ಬಿಳಿ, ಉಳಿದದ್ದು ಕಪ್ಪು. ಒಮ್ಮೆ ಕೆತ್ತಿದ್ದನ್ನ ಅಳಿಸೋಕಾಗಲ್ಲ. ಹಾಗಾಗಿ ಕೈ ಇಡೋ ಮೊದಲೇ ಕಣ್ಣು ತನ್ನ ಕೆಲಸ ಮುಗಿಸಿರಬೇಕು. ಕೋಲು ಹಿಡಿದು ನಡೆಯೋ ಗಾಂಧೀಜಿಯ 1930ರ ಪ್ರಸಿದ್ಧ ಚಿತ್ರ ಹೀಗೇ ಮೂಡಿದ್ದು. ಟಾಗೋರರು ಶುರು ಮಾಡಿದ ನೇಗಿಲ ಹಬ್ಬ ‘ಹಲಕರ್ಷಣ’ವನ್ನು ಅವರು ಶ್ರೀನಿಕೇತನದ ಗೋಡೆ ಮೇಲೆ ಬರೆದರು. 1938ರಲ್ಲಿ ಗಾಂಧೀಜಿ ಕೇಳಿದ್ದಕ್ಕೆ ಗುಜರಾತಿನ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ರೈತರು, ಬಡಗಿಗಳು, ಧಾನ್ಯ ಕುಟ್ಟೋ ಹೆಂಗಸರ ಚಿತ್ರ ಬರೆದುಕೊಟ್ಟರು. ಹಳ್ಳಿ ಜನ ಓಡಾಡ್ತಾ ನೋಡಲಿ ಅನ್ನೋದೇ ಉದ್ದೇಶ.

ನಮಗೇನು ಪಾಠ? ವಾರಕ್ಕೊಮ್ಮೆ ಹತ್ತು ನಿಮಿಷ ಫೋನ್ ಜೇಬಲ್ಲಿಡಿ. ಹೊಲದ ಒಂದೇ ಮೂಲೆಯಲ್ಲಿ ನಿಂತು ನೋಟ್‌ಬುಕ್ಕಲ್ಲಿ ಗೆರೆ ಎಳೀರಿ. ಇಳಿಜಾರು ಯಾವ ಕಡೆ, ನೀರು ಎಲ್ಲಿ ಹರೀತು, ಬದು ಎಲ್ಲಿ ಕುಸಿದಿದೆ, ಯಾವ ಗಿಡದ ಎಲೆ ಬಾಡಿದೆ ಅಂತ ಗುರುತು ಹಾಕಿ. ಚಿತ್ರ ಚಂದ ಇರಬೇಕಂತಿಲ್ಲ. ತಾರೀಖು ಮಾತ್ರ ತಪ್ಪದೆ ಬರೀರಿ. ಗೆರೆ ಎಳೆಯೋಕೆ ಹೋದಾಗ್ಲೇ ಎಷ್ಟು ನೋಡಿಲ್ಲ ಅಂತ ಗೊತ್ತಾಗೋದು.

ನಾನು ಕೊರಕಲಿನ ತಲೆಯಿಂದ ಕೆಳಗಿನವರೆಗೆ ಅಲ್ಲಲ್ಲಿ ಕಲ್ಲಿನ ತಡೆ ಕಟ್ಟಿ, ಅಂಚಿಗೆ ಲಾವಂಚ ನೆಟ್ಟಿದ್ದೇನೆ. ಪ್ರತಿ ಭಾನುವಾರ ಅದನ್ನೇ ಬರೀತೀನಿ. ನಿಮ್ಮ ಹೊಲದ ಬೆರಳಗಲದ ಗೆರೆ ಎಲ್ಲಿದೆ? ಈ ವಾರವೇ ಹುಡುಕಿ.