ಹಸಿರಿನ ಹಸಿವು, ಹಸಿರಿನ ನಂಜು

1874ರ ಏಪ್ರಿಲ್ ತಿಂಗಳಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ರೋಮಾಂಚಕಾರಿ ವೃತ್ತಾಂತವೊಂದು ಪ್ರಕಟವಾಯಿತು. ಮಡಗಾಸ್ಕರ್ ದ್ವೀಪದ ದಟ್ಟಾರಣ್ಯದಲ್ಲಿ ನರಭಕ್ಷಕ ವೃಕ್ಷವೊಂದಿದೆಯಂತೆ. ಅಲ್ಲಿನ ಬುಡಕಟ್ಟಿನವರು ಅದಕ್ಕೆ ಹೆಣ್ಣನ್ನು ಬಲಿ ಕೊಡುತ್ತಾರಂತೆ. ಸರ್ಪಸದೃಶವಾದ ಅದರ ಬಾಹುಗಳು ಬಲಿಯನ್ನು ಸುತ್ತಿ ಹಿಂಡಿಬಿಡುತ್ತವಂತೆ. ಇದನ್ನೆಲ್ಲ ಕಣ್ಣಾರೆ ಕಂಡವನು ಕಾರ್ಲ್ ಲೀಚೆ ಎಂಬ ಜರ್ಮನ್ ಅನ್ವೇಷಕನೆಂದು ಪತ್ರಿಕೆ ಹೇಳಿತ್ತು. ವಾಸ್ತವದಲ್ಲಿ ಅಂಥ ಮರವೂ ಇರಲಿಲ್ಲ, ಅನ್ವೇಷಕನೂ ಇರಲಿಲ್ಲ. ಎಲ್ಲವೂ ಎಡ್ಮಂಡ್ ಸ್ಪೆನ್ಸರ್ ಎಂಬ ಪತ್ರಕರ್ತನ ಕಲ್ಪನಾವಿಲಾಸ! ಹಾಗಿದ್ದರೂ ಅರ್ಧ ಶತಮಾನದ ನಂತರ, 1924ರಲ್ಲಿ, ಅಮೆರಿಕದ ಮಾಜಿ ಗವರ್ನರ್ ಚೇಸ್ ಆಸ್ಬರ್ನ್ ಮಡಗಾಸ್ಕರ್ ಕುರಿತು ಬರೆದ ಪುಸ್ತಕದ ಶೀರ್ಷಿಕೆಯಲ್ಲೇ ಆ ಮರ ಮತ್ತೆ ಕಾಣಿಸಿಕೊಂಡಿತು. ಪೊಳ್ಳು ಕಥೆಗಳ ಆಯುಷ್ಯ ದೊಡ್ಡದು.

ಇದಕ್ಕೂ ಹಿರಿಯ ಕಥೆಯೊಂದಿದೆ. ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಶಸ್ತ್ರವೈದ್ಯನೆಂದು ಹೇಳಿಕೊಂಡ ಫೋರ್ಷ್ ಎಂಬಾತ 1783ರಲ್ಲಿ ‘ಲಂಡನ್ ಮ್ಯಾಗಜೀನ್’ನಲ್ಲಿ ಜಾವಾದ ಉಪಸ್ ವೃಕ್ಷವನ್ನು ವರ್ಣಿಸಿದ್ದ. ಅದರ ಸುತ್ತ ಹಲವು ಮೈಲಿಗಳವರೆಗೆ ಹುಲ್ಲೂ ಬೆಳೆಯದು, ಹಕ್ಕಿಯೂ ಹಾರದು, ಮರಣದಂಡನೆಗೆ ಗುರಿಯಾದ ಕೈದಿಗಳನ್ನೇ ವಿಷ ತರಲು ಕಳಿಸುತ್ತಾರೆ ಎಂಬುದು ಅವನ ಬರಹ. ಇಂಗ್ಲೆಂಡಿನ ವೈದ್ಯಕವಿ ಎರಾಸ್ಮಸ್ ಡಾರ್ವಿನ್ 1789ರ ತನ್ನ ಕಾವ್ಯದಲ್ಲಿ ಈ ಮರವನ್ನು ತಂದದ್ದೇ ತಡ, ಅದು ಜಗದ್ವಿಖ್ಯಾತವಾಯಿತು. ಸಸ್ಯಶಾಸ್ತ್ರದಲ್ಲಿ ಆಂಟಿಯಾರಿಸ್ ಟಾಕ್ಸಿಕೇರಿಯಾ ಎನಿಸಿಕೊಂಡ ಆ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಬೆಳೆಯುತ್ತದೆ. ಕನ್ನಡದಲ್ಲಿ ಅದು ಅಜ್ಜನಪಟ್ಟೆ. ಅದರ ಹಾಲಿನಲ್ಲಿ ಹೃದಯವನ್ನು ನಿಲ್ಲಿಸಬಲ್ಲ ವಿಷವಿರುವುದು, ಆಗ್ನೇಯ ಏಷ್ಯಾದ ಬೇಟೆಗಾರರು ಅದನ್ನು ಬಾಣಕ್ಕೆ ಸವರುತ್ತಿದ್ದುದು ಎರಡೂ ನಿಜ. ಆದರೆ ಅದರ ನೆರಳು ನಿರುಪದ್ರವಿ. ಘಟ್ಟದ ಜನ ಅದರ ತೊಗಟೆಯನ್ನು ಬಡಿದು ಚೀಲ ಮಾಡಿಕೊಳ್ಳುತ್ತಿದ್ದರು.

ತಾತ ಹಬ್ಬಿಸಿದ ಭ್ರಮೆಯ ಋಣವನ್ನು ಮೊಮ್ಮಗ ತೀರಿಸಿದನೆನ್ನಬೇಕು. 1860ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಜೌಗಿನಲ್ಲಿ ಚಾರ್ಲ್ಸ್ ಡಾರ್ವಿನ್‌ನ ಕಣ್ಣಿಗೆ ಡ್ರೋಸೆರಾ ಎಂಬ ಪುಟ್ಟ ಸಸ್ಯ ಬಿತ್ತು. ಎಲೆಯ ತುಂಬ ಕೆಂಪು ರೋಮಗಳು, ಪ್ರತಿ ರೋಮದ ತುದಿಯಲ್ಲಿ ಮಿನುಗುವ ಅಂಟಿನ ಬಿಂದು, ಅದರಲ್ಲಿ ಸಿಲುಕಿದ ನೊಣಗಳು. ಆಗಷ್ಟೇ ಜೀವವಿಕಾಸದ ಸಿದ್ಧಾಂತವನ್ನು ಮಂಡಿಸಿ ಲೋಕವನ್ನೇ ಅಲುಗಿಸಿದ್ದ ವಿಜ್ಞಾನಿ, ಜಗತ್ತಿನ ಸಕಲ ಜೀವಿಗಳ ಉಗಮಕ್ಕಿಂತ ತನಗೀಗ ಡ್ರೋಸೆರಾವೇ ಮುಖ್ಯವಾಗಿದೆ ಎಂದು ಗೆಳೆಯನಿಗೆ ಪತ್ರ ಬರೆದ! ಎಲೆಗಳಿಗೆ ಹಾಲು, ಮೊಟ್ಟೆಯ ಬಿಳಿ ಲೋಳೆ, ಮಾಂಸದ ಚೂರು ಉಣಿಸಿದ. ತಲೆಗೂದಲಿನ ಅತಿಸೂಕ್ಷ್ಮ ತುಣುಕು ತಗುಲಿದರೂ ರೋಮ ಬಾಗುತ್ತದೆ, ಮಳೆಹನಿ ಬಿದ್ದರೆ ಮಾತ್ರ ಅಲುಗುವುದಿಲ್ಲ ಎಂಬುದನ್ನು ಕಂಡುಕೊಂಡ. 1875ರಲ್ಲಿ ಅವನ ‘ಇನ್ಸೆಕ್ಟಿವೋರಸ್ ಪ್ಲಾಂಟ್ಸ್’ ಹೊರಬಂದ ಮೇಲೆ, ಸಸ್ಯವೂ ಮಾಂಸವನ್ನು ಜೀರ್ಣಿಸಿಕೊಳ್ಳಬಲ್ಲದೆಂಬುದು ನಿರ್ವಿವಾದವಾಯಿತು. ಜೀವಿಗಳಿಗೆಲ್ಲ ಹೆಸರಿಟ್ಟ ಮಹಾನುಭಾವ ಲಿನೇಯಸ್‌ಗೇ ಈ ಮಾತನ್ನು ಒಪ್ಪಲು ಆಗಿರಲಿಲ್ಲ.

ಈ ಗಿಡಗಳಿಗೆ ಇಂಥ ಹಸಿವೇಕೆ? ಉತ್ತರ ಅವು ಬೇರೂರಿದ ನೆಲದಲ್ಲಿದೆ. ಜೌಗು, ಮರಳು, ಬರಿ ಬಂಡೆಯ ಮೇಲಿನ ತೆಳುಮಣ್ಣು ಇವುಗಳಲ್ಲಿ ಸಾರಜನಕವೂ ರಂಜಕವೂ ತೀರ ವಿರಳ. ಬಿಸಿಲಿನಿಂದ ಸಕ್ಕರೆಯನ್ನೇನೋ ತಯಾರಿಸಿಕೊಳ್ಳಬಹುದು, ಈ ಪೋಷಕಾಂಶಗಳನ್ನು ಮಾತ್ರ ಕೀಟದ ದೇಹದಿಂದಲೇ ಪಡೆಯಬೇಕು. ಅಮೆರಿಕದ ಉತ್ತರ ಮತ್ತು ದಕ್ಷಿಣ ಕರೊಲೈನಾಗಳ ಕಿರುಪ್ರದೇಶದಲ್ಲಷ್ಟೇ ಸಹಜವಾಗಿ ಬೆಳೆಯುವ ವೀನಸ್ ಫ್ಲೈಟ್ರ್ಯಾಪ್ ಈ ಕಲೆಯ ಪರಾಕಾಷ್ಠೆ. ಅದರ ಎಲೆಯೊಳಗಿನ ರೋಮವನ್ನು ಕೀಟ ಒಮ್ಮೆ ಮುಟ್ಟಿದರೆ ಏನೂ ಆಗದು. ಸುಮಾರು 20 ಸೆಕೆಂಡುಗಳೊಳಗೆ ಎರಡನೆಯ ಸ್ಪರ್ಶವಾದರೆ ಎಲೆ ಫಕ್ಕನೆ ಮುಚ್ಚಿಕೊಳ್ಳುತ್ತದೆ. ಒಳಗೆ ಸಿಕ್ಕ ಜೀವಿ ಇನ್ನೂ ಒದ್ದಾಡುತ್ತಿದ್ದರೆ ಮಾತ್ರ ಜೀರ್ಣರಸ ಒಸರುತ್ತದೆ. ಮಿದುಳಿಲ್ಲದ ಗಿಡ ಎಣಿಕೆ ಮಾಡುತ್ತದೆ! ಬೋರ್ನಿಯೋ ದ್ವೀಪದ ಹೂಜಿ ಗಿಡಗಳ ಬದುಕಂತೂ ಇನ್ನೂ ವಿಚಿತ್ರ. ಅಲ್ಲಿನ ನೆಪೆಂಥಿಸ್ ಲೋವಿಯೈ ತನ್ನ ಹೂಜಿಯ ಮುಚ್ಚಳದಲ್ಲಿ ಸಿಹಿರಸ ಸುರಿಸಿ ಮರಮೂಗಿಲಿಯನ್ನು ಕರೆಯುತ್ತದೆ. ಅದು ರಸ ನೆಕ್ಕುತ್ತ ಕೂತಲ್ಲೇ ಹಾಕುವ ಹಿಕ್ಕೆಯೇ ಗಿಡಕ್ಕೆ ಗೊಬ್ಬರ. ಕೊಲ್ಲುವ ಪಾತ್ರೆ ಇಲ್ಲಿ ಶೌಚಾಲಯವಾಗಿದೆ. ಇದೇ ದ್ವೀಪದ ಇನ್ನೊಂದು ಪ್ರಭೇದ ಬಾವಲಿಗೆ ಹಗಲುನಿದ್ರೆಯ ತಾಣ ಒದಗಿಸಿ ಅದೇ ಬಾಡಿಗೆ ವಸೂಲು ಮಾಡುತ್ತದೆ.

ಭಾರತದ ಏಕೈಕ ಹೂಜಿ ಗಿಡ ನೆಪೆಂಥಿಸ್ ಖಾಸಿಯಾನಾ ಮೇಘಾಲಯದ ಗುಡ್ಡಗಳ ನಿವಾಸಿ. ಅಷ್ಟು ದೂರ ಹೋಗದೆಯೂ ಕೀಟಭಕ್ಷಕಗಳನ್ನು ನೋಡಬಹುದು ಎಂಬುದು ಬಹಳ ಮಂದಿ ಕನ್ನಡಿಗರಿಗೆ ತಿಳಿದಿಲ್ಲ. ಕರಾವಳಿಯ ಮುರಕಲ್ಲಿನ ಪದವುಗಳು ಬೇಸಿಗೆಯಲ್ಲಿ ಕಾದ ಕಾವಲಿಯಂತಿರುತ್ತವೆ. ಮಳೆಗಾಲ ಕಳೆಯುತ್ತ ಬಂದಂತೆ ಅಲ್ಲಿ ನೀಲಿ-ನೇರಳೆ ಹೂಗಳ ಹಾಸು ಮೇಲೇಳುತ್ತದೆ. ಅದರಲ್ಲಿ ಬಹುಪಾಲು ಯೂಟ್ರಿಕ್ಯುಲೇರಿಯಾ. ಹೂ ಎಷ್ಟು ಸೌಮ್ಯವೋ, ಒದ್ದೆ ಮಣ್ಣಿನೊಳಗಿನ ಅದರ ಸೂಕ್ಷ್ಮ ಚೀಲಗಳು ಅಷ್ಟೇ ಕ್ರೂರ. ಚೀಲದೊಳಗಿನ ನೀರನ್ನು ಗಿಡ ಹೊರದೂಡಿ ನಿರ್ವಾತ ನಿರ್ಮಿಸಿಕೊಂಡಿರುತ್ತದೆ. ಈ ಕುಲದ ಜಲವಾಸಿ ಪ್ರಭೇದಗಳಲ್ಲಿ ಬಾಗಿಲ ರೋಮವನ್ನು ಸೂಕ್ಷ್ಮಜೀವಿಯೊಂದು ತಾಕಿದರೆ ಸಾಕು, ಒಂದು ಮಿಲಿಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಅದು ನೀರಿನೊಡನೆ ಒಳಗೆ ಸೆಳೆಯಲ್ಪಡುತ್ತದೆ. ಸಸ್ಯಲೋಕದ ಅತಿವೇಗದ ಚಲನೆಗಳಲ್ಲಿ ಇದೂ ಒಂದು. ಪದವಿನ ಅಂಚಿನಲ್ಲಿ ಮಂಡಿಯೂರಿ ನೋಡುವ ತಾಳ್ಮೆಯಿದ್ದರೆ ಅಂಟುಬಿಂದುಗಳ ಡ್ರೋಸೆರಾ ಇಂಡಿಕಾ ಕೂಡ ಸಿಗುತ್ತದೆ.

ಜಗತ್ತಿನಾದ್ಯಂತ ಗುರುತಿಸಲಾಗಿರುವ 600ಕ್ಕೂ ಹೆಚ್ಚು ಮಾಂಸಾಹಾರಿ ಸಸ್ಯಗಳಲ್ಲಿ ಒಂದೂ ಮನುಷ್ಯನ ಬೆರಳನ್ನೂ ಕಚ್ಚಲಾರದು. ಭಯಪಡಬೇಕಾದ ಗಿಡಗಳು ಬೇರೆಯೇ ಇವೆ. ಅವು ಕಾಡಿನಲ್ಲಿಲ್ಲ, ನಮ್ಮ ಬೇಲಿಯಲ್ಲಿವೆ, ಪೂಜೆಯ ಬುಟ್ಟಿಯಲ್ಲಿವೆ.

ಗುಲಗಂಜಿಯನ್ನೇ ನೋಡಿ. ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನಕ್ಕೆ ಸಮನಾಗಿ ಕೂತ ಈ ಕೆಂಪು-ಕಪ್ಪು ಬೀಜದಷ್ಟು ಚೆಲುವಾದ ವಿಷ ಇನ್ನೊಂದಿಲ್ಲ. ಅದರೊಳಗಿನ ಅಬ್ರಿನ್ ಎಂಬ ಪ್ರೋಟೀನ್ ಜೀವಕೋಶದ ಪ್ರೋಟೀನ್ ತಯಾರಿಕೆಯನ್ನೇ ಸ್ಥಗಿತಗೊಳಿಸುತ್ತದೆ. ಗಟ್ಟಿ ಸಿಪ್ಪೆಯ ಬೀಜವನ್ನು ಇಡಿಯಾಗಿ ನುಂಗಿದರೆ ಎಷ್ಟೋ ಸಲ ಅಪಾಯವಾಗದೆ ಹೊರಬೀಳುತ್ತದೆ. ಅಗಿದರೆ ಮಾತ್ರ ಪ್ರಾಣಕ್ಕೇ ಸಂಚಕಾರ. ಬ್ರಿಟಿಷರ ಕಾಲದಲ್ಲಿ ಚರ್ಮದಾಸೆಗೆ ಬಿದ್ದವರು ಗುಲಗಂಜಿ ಬೀಜ ಅರೆದು ಮಾಡಿದ ಮುಳ್ಳುಗಳಿಂದ ಜಾನುವಾರುಗಳನ್ನು ಗುಟ್ಟಾಗಿ ಕೊಲ್ಲುತ್ತಿದ್ದ ಸಂಗತಿ ಅಂದಿನ ನ್ಯಾಯವೈದ್ಯಕ ಗ್ರಂಥಗಳಲ್ಲಿ ದಾಖಲಾಗಿದೆ. 2011ರಲ್ಲಿ ಬ್ರಿಟನ್ನಿನ ಈಡನ್ ಪ್ರಾಜೆಕ್ಟ್ ಉದ್ಯಾನ ತಾನು ಮಾರಿದ್ದ ಗುಲಗಂಜಿ ಕೈಸರಗಳನ್ನು ಗ್ರಾಹಕರಿಂದ ಮರಳಿ ತರಿಸಿಕೊಂಡಿತು.

ಹರಳು ಗಿಡದ ಬೀಜದಲ್ಲಿರುವ ರೈಸಿನ್ ಅಬ್ರಿನ್‌ನ ಸೋದರ ವಿಷ. 1978ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ವಾಟರ್‌ಲೂ ಸೇತುವೆಯ ಬಳಿ ಬಲ್ಗೇರಿಯಾದ ಬರಹಗಾರ ಜಾರ್ಜಿ ಮಾರ್ಕೊವ್ ಅವರ ತೊಡೆಗೆ ಗುಂಡುಸೂಜಿಯ ತಲೆಯಷ್ಟು ಗುಂಡು ಹೊಕ್ಕಿತು, ನಾಲ್ಕು ದಿನಗಳಲ್ಲಿ ಅವರು ತೀರಿಕೊಂಡರು. ಆ ಗುಂಡಿನಲ್ಲಿದ್ದದ್ದು ರೈಸಿನ್ ಎಂದೇ ತಜ್ಞರ ನಿರ್ಣಯ. ನಮ್ಮ ಎಣ್ಣೆಸ್ನಾನದ ಹರಳೆಣ್ಣೆಯಲ್ಲಿ ಅದು ಇರುವುದಿಲ್ಲ, ಹಿಂಡಿಯಲ್ಲಿ ಉಳಿದುಬಿಡುತ್ತದೆ. ಗುಲಾಬಿ ಕುಂಡಕ್ಕೆ ಹಾಕಿದ ಹರಳು ಹಿಂಡಿಯನ್ನು ಕೆದಕಿ ತಿಂದ ನಾಯಿಗಳು ಸಾಯುವುದು ಇದರಿಂದಲೇ. ಭಾದ್ರಪದದ ಹೊತ್ತಿಗೆ ಬೇಲಿಯಲ್ಲಿ ಜ್ವಾಲೆಯಂತೆ ಅರಳುವ ಗೌರಿ ಹೂವಿನ ಗೆಡ್ಡೆ ಕೊಲ್ಚಿಸಿನ್ ಎಂಬ ವಿಷದ ಕಣಜ. ತಿನ್ನುವ ಗೆಡ್ಡೆಯೆಂದು ಭ್ರಮಿಸಿ ಬೇಯಿಸಿ ಉಂಡವರ ಪ್ರಾಣ ಹೋಗಿದೆ. ಶಿವನಿಗೆ ಏರಿಸುವ ಉಮ್ಮತ್ತಿ, ಹೆದ್ದಾರಿಯ ವಿಭಜಕದಲ್ಲಿ ಸಾಲಾಗಿ ನಗುವ ಕಣಗಿಲೆ ಇವೂ ಇದೇ ಸಾಲಿನವು. ಸಾಸಿವೆಯನ್ನೇ ಹೋಲುವ ಆರ್ಜಿಮೋನ್ ಬೀಜದ ಎಣ್ಣೆ 1998ರಲ್ಲಿ ದೆಹಲಿಯ ಸಾಸಿವೆಯೆಣ್ಣೆಯಲ್ಲಿ ಬೆರೆತಾಗ 60ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಗಿಡದ ತಪ್ಪೇನೂ ಇರಲಿಲ್ಲ.

ಓಡಲಾರದ, ಒದೆಯಲಾರದ ಜೀವಿಗೆ ವಿಷವೇ ರಕ್ಷಾಕವಚ. ಆ ಕವಚವನ್ನು ವೈದ್ಯಶಾಸ್ತ್ರ ಕಳಚಿ ತನ್ನ ಕೆಲಸಕ್ಕೆ ಹಚ್ಚಿಕೊಂಡ ಬಗೆ ಅದ್ಭುತ. ಉಮ್ಮತ್ತಿಯ ವರ್ಗದ ಸಸ್ಯಗಳಲ್ಲಿರುವ ಅಟ್ರೊಪಿನ್, ಕೀಟನಾಶಕದ ನಂಜೇರಿದ ರೈತನಿಗೆ ಆಸ್ಪತ್ರೆಯಲ್ಲಿ ಕೊಡುವ ಮೊದಲ ಚುಚ್ಚುಮದ್ದುಗಳಲ್ಲೊಂದು. ಕೊಲ್ಚಿಸಿನ್ ಗೌಟ್ ರೋಗಿಯ ನೋವನ್ನು ಇಳಿಸುತ್ತದೆ, ಅದು ಸಿಗುವ ಬೀಜಕ್ಕಾಗಿಯೇ ತಮಿಳುನಾಡಿನಲ್ಲಿ ಗೌರಿ ಹೂವನ್ನು ಬೇಸಾಯ ಮಾಡುತ್ತಾರೆ. ಮಡಗಾಸ್ಕರ್ ಮೂಲದ ನಿತ್ಯಪುಷ್ಪದ ಕಹಿ ರಸದಿಂದ 1958ರಲ್ಲಿ ಕೆನಡಾದ ವಿಜ್ಞಾನಿಗಳು ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದರ ಬೆನ್ನಿಗೇ ಬಂದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಅನಿವಾರ್ಯ.

ಹೀಗೆಂದು ಅಂಗಳದ ಗಿಡಗಳನ್ನೆಲ್ಲ ಕಿತ್ತೆಸೆಯಬೇಕಿಲ್ಲ. ಎಟುಕುವ ಬೀಜ, ಕಾಯಿಗಳನ್ನು ಮಕ್ಕಳಿಂದ ದೂರವಿಟ್ಟರಾಯಿತು. ಮಗು ಏನನ್ನಾದರೂ ಅಗಿದರೆ ವಾಂತಿ ಮಾಡಿಸುವ ಮನೆಮದ್ದಿಗೆ ಕೈಹಾಕದೆ, ಬಾಯಿಯಲ್ಲಿ ಉಳಿದ ಚೂರನ್ನು ತೆಗೆದು, ಗಿಡದ ರೆಂಬೆಯೊಂದನ್ನು ಜೊತೆಗೊಯ್ದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಬ್ರಿನ್, ರೈಸಿನ್‌ಗಳ ಲಕ್ಷಣ ತಲೆದೋರಲು ಹಲವು ಗಂಟೆ ಹಿಡಿಯುವುದರಿಂದ, ಮಗು ಆಡಿಕೊಂಡಿದೆ ಎಂಬ ಧೈರ್ಯ ಸಲ್ಲದು.

ಇನ್ನು ಲೋಕ ಅಂಜಿದ ಆ ಕೀಟಭಕ್ಷಕಗಳೇ ಇಂದು ಸಂಕಟದಲ್ಲಿವೆ. ವೀನಸ್ ಫ್ಲೈಟ್ರ್ಯಾಪ್ ಕದಿಯುವುದನ್ನು ಉತ್ತರ ಕರೊಲೈನಾ 2014ರಲ್ಲಿ ಗುರುತರ ಅಪರಾಧವೆಂದು ಘೋಷಿಸಬೇಕಾಯಿತು. ಖಾಸಿಯಾನಾ ಹೂಜಿ ಗಿಡದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿದೆ, ಮೇಘಾಲಯದ ಬಾಘ್‌ಮಾರಾದಲ್ಲಿ ಅದಕ್ಕೆಂದೇ ಅಭಯಾರಣ್ಯವಿದೆ. ನಮ್ಮ ಮುರಕಲ್ಲಿನ ಪದವುಗಳಿಗೆ ಅಂಥ ಭಾಗ್ಯವಿಲ್ಲ. ಹಾಳುಭೂಮಿ ಎಂದು ಬಗೆದು ಅವನ್ನು ಕಲ್ಲಿನ ಕ್ವಾರಿಗೆ, ಬಡಾವಣೆಗೆ ಬಿಟ್ಟುಕೊಡುತ್ತಿದ್ದೇವೆ. ಅಗೆಯದೆ ಬಿಟ್ಟ ತುಣುಕುಗಳಿಗೂ ಪಕ್ಕದ ತೋಟದ ಗೊಬ್ಬರ ಮಳೆನೀರಿನೊಡನೆ ಹರಿದುಬರುತ್ತದೆ. ಸಾರಜನಕ ಹೆಚ್ಚಿದೊಡನೆ ಹುಲ್ಲು ಹುಲುಸಾಗಿ ಬೆಳೆದು ಬೆಳಕನ್ನು ಮುಚ್ಚುತ್ತದೆ, ಬಡ ಮಣ್ಣಿಗೆ ಹೊಂದಿಕೊಂಡ ಡ್ರೋಸೆರಾ ಆ ಪೈಪೋಟಿಯಲ್ಲಿ ಸೋಲುತ್ತದೆ.